ಬೆಂದ ಬೆರಳಿಗೊಂದು ಪತ್ರಿಕೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹರಾಜು ಮುಗಿಯುವ ಹೊತ್ತಿಗೆ ಅಂದಿನ ರೇಟು ಊರೂರಿಗೆ ಹರಡಿರುತ್ತದೆ. ಚಿಂತಾಮಣಿ ಬಸ್ಸಿನಲ್ಲಿ, ಗೌರಿಬಿದನೂರಿನ ಟೀ ಅಂಗಡಿಯಲ್ಲಿ, ಚಿಕ್ಕಬಳ್ಳಾಪುರದ ಬೀದಿಯಲ್ಲಿ ‘ಏನಣ್ಣಾ, ಇವತ್ತು ಎಷ್ಟಕ್ಕೋಯ್ತು?’ ಅಂತ ಕೇಳುವವರಿದ್ದಾರೆ, ಹೇಳುವವರೂ ಇದ್ದಾರೆ. ಕೆಜಿಗೆ ಹತ್ತು ರೂಪಾಯಿ ಏರಿದರೂ ಸುದ್ದಿ, ಇಳಿದರೂ ಸುದ್ದಿ. ರೇಷ್ಮೆಯ ಲೆಕ್ಕದಲ್ಲಿ ಎಲ್ಲದಕ್ಕೂ ಬೆಲೆಯುಂಟು. ಮೊಟ್ಟೆಗೆ ಉಂಟು, ಸೊಪ್ಪಿಗೆ ಉಂಟು, ಗೂಡಿಗೆ ಉಂಟು, ನೂಲಿಗೆ ಉಂಟು, ಕೊನೆಗೆ ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳಕ್ಕೂ ಉಂಟು. ಆ ಗೂಡನ್ನು ಬಿಸಿನೀರಿನಲ್ಲಿ ತಡಕಿ ಎಳೆ ಹುಡುಕುವ ಹೆಂಗಸಿನ ದಿನಗೂಲಿ ಇವತ್ತು ಎಷ್ಟಕ್ಕೆ ಹೋಯಿತು? ಇದನ್ನು ಕೇಳುವವರು ಯಾರು? ಅಚ್ಚು ಹಾಕುವವರು ಯಾರು?

ನಾವು ಕಸುಬಿನ ಪತ್ರಿಕೆಗಳ ಚರಿತ್ರೆಯನ್ನು ಕೆದಕಲು ಹೊರಟಿರುವುದು ಈ ಪ್ರಶ್ನೆ ಇಟ್ಟುಕೊಂಡು. ಇವತ್ತು ಇಂಟರ್‌ನೆಟ್ಟಿನಲ್ಲಿ ಒಂದು ಸಣ್ಣ ಪತ್ರಿಕೆ ತೆಗೆಯಲು ಹೆಚ್ಚು ಕಾಸು ಬೇಕಿಲ್ಲ. ಅಚ್ಚುಮೊಳೆ ಬೇಡ, ಕಾಗದ ಬೇಡ, ಟಪಾಲಿನ ಖರ್ಚು ಬೇಡ. ರೇಷ್ಮೆಯೊಂದಕ್ಕೇ ಮೀಸಲಾದ ಒಂದು ಚಿಕ್ಕ ಪತ್ರಿಕೆಯನ್ನು ಶಿಡ್ಲಘಟ್ಟದಲ್ಲಿ ಕೂತೇ ನಡೆಸಬಹುದು. ಹಾಗೆ ನಡೆಸುವುದಾದರೆ ಅದು ಯಾರ ಪತ್ರಿಕೆ ಆಗಬೇಕು, ಅದಕ್ಕೆ ಬೇಕಾದ ಬಂಡವಾಳ ನಿಜವಾಗಿ ಯಾವುದು ಎನ್ನುವುದನ್ನು ಹಿಂದಿನವರ ಅನುಭವ ಕೇಳಿಯೇ ಹೇಳಬೇಕು.

ಮೊದಲು ರೇಷ್ಮೆಯ ಮಾತು. ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪು ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬು ಊರಿಸಿದ. 1890ರ ದಶಕದಲ್ಲಿ ಟಾಟಾ ಬೆಂಗಳೂರಿನಲ್ಲಿ ಜಪಾನಿನ ಮಾದರಿಯ ಫಾರಂ ತೆರೆದರು. 1911ರಲ್ಲಿ ಮೈಸೂರು ಸಂಸ್ಥಾನದ ಆರ್ಥಿಕ ಸಮ್ಮೇಳನ ಶುರುವಾಯಿತು. ಅದರ ಹಿಂದಿದ್ದವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು. ನಾಡಿನ ಉತ್ಪತ್ತಿ ಹೆಚ್ಚಬೇಕು, ಕೈಗಾರಿಕೆ ಬೆಳೆಯಬೇಕು, ಅಂಕಿಅಂಶ ಸಿಗಬೇಕು ಎನ್ನುವ ಹಟ ಅವರದು. ಉತ್ಪತ್ತಿ ಮಾಡುವ ಕೈಗಳಿಗೆ ಅಧಿಕಾರದಲ್ಲಿ ಪಾಲು ಎಷ್ಟು ಎಂಬ ಪ್ರಶ್ನೆ 1918ರಲ್ಲಿ ಮಿಲ್ಲರ್ ಸಮಿತಿಯ ರೂಪದಲ್ಲಿ ಎದುರು ಬಂದಾಗ ಅದೇ ದಿವಾನರು ಒಪ್ಪಲಿಲ್ಲ, ಹುದ್ದೆ ಬಿಟ್ಟರು. ಅಂಕಿ ಬೇಕು, ಆ ಅಂಕಿಯ ಹಿಂದಿನ ಮನುಷ್ಯ ಬೇಡ. ನಮ್ಮ ಅಭಿವೃದ್ಧಿಯ ಚರಿತ್ರೆಯೆಲ್ಲ ಹೆಚ್ಚುಕಡಿಮೆ ಹೀಗೇ ನಡೆದಿದೆ.

ಸ್ವಾತಂತ್ರ್ಯ ಬಂದ ಮರುವರ್ಷ ಎರಡು ಕಾಯ್ದೆಗಳು ಹುಟ್ಟಿದವು. 1948ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಾಯ್ದೆ ಬಂತು. ಅದೇ 1948ರಲ್ಲಿ ಕನಿಷ್ಠ ಕೂಲಿ ಕಾಯ್ದೆಯೂ ಬಂತು. ಮೊದಲನೆಯದಕ್ಕೆ ಕಚೇರಿ ಎದ್ದಿತು, ಪ್ರಯೋಗಾಲಯ ಎದ್ದಿತು, ‘ಇಂಡಿಯನ್ ಸಿಲ್ಕ್’ ಎಂಬ ಇಂಗ್ಲಿಷ್ ಪತ್ರಿಕೆಯೂ ಬಂತು. ಎರಡನೆಯದಕ್ಕೆ ಬಂದದ್ದು ಗೋಡೆಯ ಮೇಲೆ ಅಂಟಿಸಬೇಕಾದ ಒಂದು ನೋಟೀಸು. 1959ರ ಕಾಯ್ದೆಯಿಂದ ಶುರುವಾಗಿ ಗೂಡಿನ ವ್ಯಾಪಾರ ಹಂತಹಂತವಾಗಿ ಸರ್ಕಾರಿ ಮಾರುಕಟ್ಟೆಯೊಳಕ್ಕೆ ಬಂತು. ಗುಟ್ಟಿನ ವ್ಯಾಪಾರ ಹೋಗಿ ಎಲ್ಲರ ಮುಂದೆ ಕೂಗುವ ಹರಾಜು ಬಂತು. ಈಗ ಮೊಬೈಲಿನಲ್ಲೇ ಬಿಡ್ ಕೂಗುವ ಇ-ಹರಾಜೂ ಬಂದಿದೆ. ಇದು ಸಣ್ಣ ಮಾತಲ್ಲ. ಬೆಲೆ ಬಹಿರಂಗವಾದ ದಿನ ಬೆಳೆಗಾರನಿಗೆ ಸ್ವಲ್ಪವಾದರೂ ಬಲ ಬಂತು. ದನದ ಜಾತ್ರೆಯಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಮಾಡುವ ವ್ಯಾಪಾರಕ್ಕೂ ಹತ್ತು ಜನರ ಮುಂದೆ ಕೂಗುವ ಬೆಲೆಗೂ ಇರುವ ವ್ಯತ್ಯಾಸ ನಮ್ಮವರಿಗೆ ಚೆನ್ನಾಗಿ ಗೊತ್ತು. ಕೂಲಿಯ ಬೆಲೆ ಮಾತ್ರ ಇವತ್ತಿಗೂ ಟವೆಲ್ಲಿನ ಅಡಿಯಲ್ಲೇ ಇದೆ.

ಬಿಚ್ಚುವ ಮನೆಯ ಮಾತನ್ನೂ ನೇರವಾಗಿ ಹೇಳಬೇಕು. ಶಿಡ್ಲಘಟ್ಟದಲ್ಲಿ ಈ ಕಸುಬು ನಡೆಸುವವರಲ್ಲಿ ಬಹುಪಾಲು ಮುಸಲ್ಮಾನರು. ಒಂದೆರಡು ಚರಕ ಇಟ್ಟುಕೊಂಡು ಹೆಂಡತಿ ಮಕ್ಕಳ ಜತೆ ಹೊಗೆಯಲ್ಲಿ ಬೇಯುವ ರೀಲರ್ ಧಣಿಯೇನಲ್ಲ. ಗೂಡಿಗೆ ಕೈಯಲ್ಲಿ ಕಾಸು ಕೊಟ್ಟು ನೂಲಿನ ದುಡ್ಡಿಗೆ ಕಾದು ಕೂರುವವನು ಅವನು. 2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಚೀನಾದ ನೂಲು ನುಗ್ಗಿ ಗೂಡಿನ ಬೆಲೆ ಕುಸಿಯಿತು. ರೈತರು ಬೀದಿಗಿಳಿದರು, ಪತ್ರಿಕೆಗಳು ಬರೆದವು. ಬರೆಯಲೇಬೇಕಿತ್ತು. ಆದರೆ ಒಲೆ ಆರಿದ ಮನೆಯ ಕೂಲಿಯವಳಿಗೆ ಎಷ್ಟು ದಿನ ಕೆಲಸ ತಪ್ಪಿತು ಎನ್ನುವುದು ಯಾರ ಮನವಿಪತ್ರದಲ್ಲೂ ಒಂದು ಸಾಲಾಗಲಿಲ್ಲ. ಬೆಳೆಗಾರ, ರೀಲರ್, ವ್ಯಾಪಾರಿ ಮೂವರೂ ಉದ್ಯಮ. ಕೂಲಿಯವಳು ಉದ್ಯಮದ ಖರ್ಚು.

ಖರ್ಚಿನ ಕಾಲಮ್ಮಿನಲ್ಲಿ ಬಿದ್ದ ಮನುಷ್ಯರು ತಮ್ಮದೇ ಪತ್ರಿಕೆ ಮಾಡಿಕೊಂಡ ಚರಿತ್ರೆ ಇಲ್ಲವೆ? ಇದೆ. ಅದಕ್ಕೆ ಪಕ್ಕದ ಮಹಾರಾಷ್ಟ್ರಕ್ಕೆ ಹೋಗಬೇಕು. ಜೋತಿಬಾ ಫುಲೆಯವರ ಸತ್ಯಶೋಧಕ ಚಳವಳಿಯ ಮಡಿಲಲ್ಲಿ 1877ರಲ್ಲಿ ಪುಣೆಯಲ್ಲಿ ಕೃಷ್ಣರಾವ್ ಭಾಲೇಕರ್ ‘ದೀನಬಂಧು’ ಶುರುಮಾಡಿದರು. ನಷ್ಟದಲ್ಲಿ ನಿಂತುಹೋಗುತ್ತಿದ್ದ ಪತ್ರಿಕೆಯನ್ನು 1880ರಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಗೆ ಒಯ್ದರು. ಸುತ್ತ ಹತ್ತಿಯ ಗಿರಣಿಗಳು, ಒಳಗೆ ಹಗಲು ರಾತ್ರಿ ಗೊತ್ತಿಲ್ಲದೆ ದುಡಿಯುವ ಜನ. ಲೋಖಂಡೆಯವರು ಪತ್ರಿಕೆಯನ್ನೂ ಗಿರಣಿ ಕಾರ್ಮಿಕರ ಸಂಘಟನೆಯನ್ನೂ ಒಂದೇ ಕೈಯಲ್ಲಿ ಹಿಡಿದು ನಡೆಸಿದರು. ಅವರು ಮತ್ತೆ ಮತ್ತೆ ಎತ್ತಿದ ಬೇಡಿಕೆ ವಾರಕ್ಕೊಂದು ದಿನದ ರಜೆ. 1890ರಲ್ಲಿ ಅದು ಸಿಕ್ಕಿತು. ಇವತ್ತು ಎಲ್ಲರೂ ಆರಾಮಾಗಿ ಅನುಭವಿಸುವ ಭಾನುವಾರದ ಹಿಂದೆ ಒಂದು ಬಡ ಪತ್ರಿಕೆಯ ಬೆವರು ಇದೆ. ಬಿಡುವಿಲ್ಲದವನು ಓದಲಾರ, ಬರೆಯಲಂತೂ ಆರ. ಲೋಖಂಡೆ ಕೇಳಿದ್ದು ತಮ್ಮ ಓದುಗನಿಗೆ ಬೇಕಾದ ಬಿಡುವನ್ನೇ.

ಮುಂದೆ 1920ರ ಜನವರಿ 31ರಂದು ಅಂಬೇಡ್ಕರ್ ‘ಮೂಕನಾಯಕ’ ಹೊರತಂದರು. ಅದಕ್ಕೆ ಕೊಲ್ಹಾಪುರದ ಶಾಹು ಮಹಾರಾಜರು ಕೊಟ್ಟ ನೆರವು 2,500 ರೂಪಾಯಿ. ಅಂಥ ಪತ್ರಿಕೆ ಬರುತ್ತಿದೆ ಎಂದು ಕಾಸು ಕೊಟ್ಟು ಹಾಕಿಸುತ್ತೇವೆಂದರೂ ‘ಕೇಸರಿ’ ಆ ಜಾಹೀರಾತನ್ನು ಹಾಕಲಿಲ್ಲ. ದುಡ್ಡಿಗೆ ಜಾತಿಯಿಲ್ಲ ಅನ್ನುತ್ತಾರಲ್ಲ, ಆ ದುಡ್ಡೂ ಅಲ್ಲಿ ಮೈಲಿಗೆಯಾಯಿತು. ಕೆಲವೇ ವರ್ಷಗಳಲ್ಲಿ ‘ಮೂಕನಾಯಕ’ ನಿಂತಿತು. ಅಂಬೇಡ್ಕರ್ ನಿಲ್ಲಲಿಲ್ಲ. 1927ರಲ್ಲಿ ‘ಬಹಿಷ್ಕೃತ ಭಾರತ’, 1930ರಲ್ಲಿ ‘ಜನತಾ’, 1956ರಲ್ಲಿ ‘ಪ್ರಬುದ್ಧ ಭಾರತ’. ‘ಬಹಿಷ್ಕೃತ ಭಾರತ’ದ ಅಂಕಣಗಳನ್ನು ಬಹುಪಾಲು ತಾವೊಬ್ಬರೇ ಕೂತು ತುಂಬಿಸಿದರು. ಒಂದು ಪತ್ರಿಕೆ ಸತ್ತರೆ ಇನ್ನೊಂದು ಹೆಸರಿನಲ್ಲಿ ಎದ್ದಿತು. ಕಡಿಮೆ ಕಾಸಿನ ಪತ್ರಿಕೆ ನಿಂತುಹೋಗುವುದು ಅವಮಾನವಲ್ಲ. ಅದು ಎತ್ತಿದ ಪ್ರಶ್ನೆ ನಿಂತುಹೋದರೆ ಅವಮಾನ.

ಕನ್ನಡದಲ್ಲಿ 1970ರ ದಶಕದ ‘ಶೂದ್ರ’, ‘ಪಂಚಮ’ಗಳು ಇದೇ ದಾರಿ ಹಿಡಿದವು. ಚಂದಾ ಹಣ, ಗೆಳೆಯರ ಜೇಬು, ಸಾಲ ಹೇಳಿ ಮಾಡಿಸಿದ ಅಚ್ಚು, ಕೈಯಿಂದ ಕೈಗೆ ಹೋಗುವ ಪ್ರತಿಗಳು, ಇವೇ ಅಂಥ ಪತ್ರಿಕೆಗಳ ಆಸ್ತಿ. 1980ರಲ್ಲಿ ಲಂಕೇಶರು ವಾರಪತ್ರಿಕೆ ತೆಗೆದು ಜಾಹೀರಾತು ಮುಟ್ಟದೆ, ಓದುಗ ಕೊಡುವ ಕಾಸಿನಲ್ಲೇ ನಡೆಸಿ ತೋರಿಸಿದರು. ಅವು ಸಾಹಿತ್ಯದ, ರಾಜಕೀಯದ ಪತ್ರಿಕೆಗಳು. ಕಸುಬಿನ ಪತ್ರಿಕೆಯ ಮಾತು ಬಂದರೆ ಪುತ್ತೂರಿನ ‘ಅಡಿಕೆ ಪತ್ರಿಕೆ’ಯನ್ನು ನೆನೆಯಲೇಬೇಕು. 1988ರಲ್ಲಿ ಶುರುವಾದ ಅದು ರೈತರಿಂದ ರೈತರಿಗೆ ಎಂಬ ಹಟದಲ್ಲಿ ಬೆಳೆಯಿತು. ಶ್ರೀಪಡ್ರೆಯವರೂ ಅವರ ಗೆಳೆಯರೂ ಕೃಷಿಕರ ಕೈಗೇ ಲೇಖನಿ ಕೊಟ್ಟರು. ಪಂಡಿತರು ಹೇಳಿದ್ದನ್ನು ರೈತ ಕೇಳುವುದು ಹಳೆಯ ಪದ್ಧತಿ, ರೈತ ಬರೆದದ್ದನ್ನು ರೈತ ಓದುವುದು ಇವರು ಹಾಕಿದ ಪದ್ಧತಿ. ಒಂದೇ ಬೆಳೆಯ ಹೆಸರು ಹೊತ್ತು, ಊರಿನಲ್ಲೇ ಕೂತು, ಸಣ್ಣ ಬಂಡವಾಳದಲ್ಲಿ ಕನ್ನಡದಲ್ಲಿ ಒಂದು ಪತ್ರಿಕೆ ಬಾಳಬಹುದು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇಷ್ಟು ಗೌರವದಿಂದ ಹೇಳಿದ ಮೇಲೆ ಒಂದು ಮಾತು ಕೇಳುತ್ತೇವೆ. ತೋಟವಿದ್ದವನ ಕೈಗೆ ಲೇಖನಿ ಬಂತು, ಒಳ್ಳೆಯದಾಯಿತು. ಆ ತೋಟದಲ್ಲಿ ಅಡಿಕೆ ಸುಲಿಯುವವಳ ಕೈಗೆ ಯಾವಾಗ?

ಆ ಕೈಗೆ ಲೇಖನಿ ಬಂದರೆ ಏನಾಗುತ್ತದೆ ಎಂಬುದನ್ನು ಉತ್ತರ ಪ್ರದೇಶದ ಚಿತ್ರಕೂಟದ ಹೆಂಗಸರು ತೋರಿಸಿದ್ದಾರೆ. 2002ರಲ್ಲಿ ಅಲ್ಲಿ ‘ಖಬರ್ ಲಹರಿಯಾ’ ಹುಟ್ಟಿತು. ವರದಿಗಾರ್ತಿಯರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ದೊಡ್ಡ ಪತ್ರಿಕೆಗಳ ಸಂಸ್ಕೃತಮಯ ಹಿಂದಿ ಬಿಟ್ಟು ತಮ್ಮ ಬುಂದೇಲಿಯಲ್ಲೇ ಬರೆದರು, ತಾವೇ ಹಳ್ಳಿ ಹಳ್ಳಿ ಸುತ್ತಿ ಮಾರಿದರು. ಹತ್ತುಹನ್ನೆರಡು ವರ್ಷಗಳಾದ ಮೇಲೆ ಕಾಗದ ಬಿಟ್ಟು ಮೊಬೈಲು ಹಿಡಿದು ಪೂರ್ತಿ ಇಂಟರ್‌ನೆಟ್ಟಿಗೆ ಬಂದರು. ಅವರು ತಂತ್ರಜ್ಞಾನದಿಂದ ಬೆಳೆದರು ಎಂದು ಕೆಲವರು ಬರೆಯುತ್ತಾರೆ. ಅದು ಅರ್ಧ ಮಾತು. ಅದಕ್ಕೂ ಮೊದಲು ಎಷ್ಟೋ ವರ್ಷ ಅವರು ಒಟ್ಟಾಗಿ ಕೂತಿದ್ದರು, ಒಬ್ಬಳಿಗೆ ಬೆದರಿಕೆ ಬಂದರೆ ಹತ್ತು ಜನ ಜತೆ ಹೋಗಿ ನಿಂತಿದ್ದರು.

ಈಗ ನಮ್ಮ ಊರಿನ ಲೆಕ್ಕ. ಇಂಟರ್‌ನೆಟ್ಟಿನಲ್ಲಿ ಪತ್ರಿಕೆಗೆ ಒಂದು ಹೆಸರು, ಒಂದಿಷ್ಟು ಜಾಗ, ಎರಡು ಫೋನು, ಒಂದು ಹಳೆಯ ಕಂಪ್ಯೂಟರ್ ಸಾಕು. ಅಕ್ಷರ ಬಾರದವರೂ ಫೋನಿನಲ್ಲಿ ಮಾತಾಡಿ ಕಳಿಸಬಹುದು, ಬಲ್ಲವರು ಕೂತು ಬರೆದುಕೊಳ್ಳಬಹುದು. ನಮ್ಮ ಸೀಮೆಯಲ್ಲಿ ಇದು ಬಹಳ ಮುಖ್ಯ. ಹೊಲದಲ್ಲಿ ತೆಲುಗು, ಬಿಚ್ಚುವ ಮನೆಯಲ್ಲಿ ಉರ್ದು, ಮಾರುಕಟ್ಟೆಯಲ್ಲಿ ಕನ್ನಡ. ಬಳೆ ಮಾರುತ್ತಿದ್ದರೆಂದು ಜನ ಹೇಳುವ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದ ನೆಲ ಇದು. ಇಲ್ಲಿನ ಪತ್ರಿಕೆ ಮಡಿಕನ್ನಡ ಹಿಡಿದು ಕೂತರೆ ಅದನ್ನು ಓದುವವನು ರೇಷ್ಮೆ ಇಲಾಖೆಯ ಗುಮಾಸ್ತ ಮಾತ್ರ.

ಜಾಹೀರಾತಿನ ಆಸೆಯೂ ಬರುತ್ತದೆ. ಸೋಂಕು ನಿವಾರಣೆಯ ಪುಡಿ ಮಾರುವವರು, ಕಡ್ಡಿ ನೆಡುವವರು, ಯಂತ್ರ ಮಾರುವವರು ಎಲ್ಲರೂ ಕಾಸು ಕೊಟ್ಟಾರು. ಕೂಲಿ ದರದ ಪಟ್ಟಿ ಮೊದಲ ಪುಟಕ್ಕೆ ಬಂದ ತಿಂಗಳು ಅವರಲ್ಲಿ ಎಷ್ಟು ಜನ ಉಳಿದಾರು? ಅದಕ್ಕೇ ಲಂಕೇಶರ ದಾರಿಯೇ ಸರಿ. ಕೂಲಿಯವರು ಕೊಡುವ ಹತ್ತು ರೂಪಾಯಿಯ ಚಂದಾ ದೊಡ್ಡ ಮೊತ್ತವಾಗುವುದಿಲ್ಲ, ಆದರೆ ಪತ್ರಿಕೆಯನ್ನು ಅವರದನ್ನಾಗಿ ಮಾಡುತ್ತದೆ.

ಇಷ್ಟಾದರೂ ಉಳಿಯುವ ಎರಡು ಖರ್ಚುಗಳುಂಟು. ಒಂದು ಬಿಡುವು. ನಸುಕಿನಲ್ಲೇ ಒಲೆಯ ಮುಂದೆ ನಿಂತವಳು ಸಂಜೆ ಮನೆಗೆ ಹೋಗಿ ಇನ್ನೊಂದು ಒಲೆ ಹಚ್ಚುತ್ತಾಳೆ. ಬೆರಳ ತುದಿಯ ಚರ್ಮ ಬೆಂದು ಬೆಳ್ಳಗಾಗಿರುತ್ತದೆ. ಅವಳು ಯಾವಾಗ ಬರೆಯಬೇಕು? ಇನ್ನೊಂದು ಧೈರ್ಯ. ಧಣಿಯಿಂದ ಮುಂಗಡ ತಗೊಂಡವನು ಬಾಯಿ ಬಿಡಲಾರ. ಜೀತ ರದ್ದಾದದ್ದು 1976ರ ಕಾಯ್ದೆಯಲ್ಲಿ. 2003ರಲ್ಲೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಕರ್ನಾಟಕದ ರೇಷ್ಮೆ ಕಸುಬಿನಲ್ಲಿ ಮುಂಗಡಕ್ಕೆ ಕಟ್ಟುಬಿದ್ದ ಮಕ್ಕಳ ಕತೆಯನ್ನು ಜಗತ್ತಿನ ಮುಂದಿಟ್ಟಿತು. ಅಷ್ಟು ದೂರದವರು ಬಂದು ಇಂಗ್ಲಿಷಿನಲ್ಲಿ ಬರೆದ ಮೇಲೆ ನಮ್ಮ ಪತ್ರಿಕೆಗಳು ಅದನ್ನು ಕನ್ನಡಕ್ಕೆ ತಂದವು.

ಭಯ ಏನೆಂದು ಚಿಂತಾಮಣಿ ತಾಲ್ಲೂಕಿಗೆ ಯಾರೂ ಹೇಳಿಕೊಡಬೇಕಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಪತ್ರಿಕೆಗಳೆಲ್ಲ ಬಂದವು. ಬೂದಿ ಆರಿದ ಮೇಲೆ ಹೋದವು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೆಂಕಿ ಬಿದ್ದ ದಿನ ಬರುವ ಪತ್ರಿಕೆ ನಮಗೆ ಸಾಲದು. ಬೆಂಕಿ ಬೀಳುವ ಮುಂಚಿನ ಮುನ್ನೂರು ದಿನ ಯಾರ ಹೊಲದಲ್ಲಿ ಯಾರಿಗೆ ಕೂಲಿ ಕಡಿಮೆಯಾಯಿತು, ಯಾರ ನೀರು ತಪ್ಪಿತು, ಯಾರನ್ನು ಟೀ ಅಂಗಡಿಯ ಹೊರಗೆ ನಿಲ್ಲಿಸಿದರು ಎಂದು ದಾಖಲಿಸುವ ಪತ್ರಿಕೆ ಬೇಕು. ಸಾಕ್ಷಿ ಹೇಳುವವನು ಒಂಟಿಯಲ್ಲ ಎಂಬ ನಂಬಿಕೆ ಅದರಿಂದ ಹುಟ್ಟಬಹುದು.

ಆದ್ದರಿಂದ ಗೆಳೆಯರೇ, ಪತ್ರಿಕೆ ತೆಗೆಯಲು ಎಷ್ಟು ಬೇಕಾದೀತು ಎಂದು ನಮ್ಮನ್ನು ಕೇಳುವ ಹುಡುಗರಿಗೆ ನಾವು ಹೇಳುವುದಿಷ್ಟು. ಕಾಸಿನ ಪಟ್ಟಿ ಆಮೇಲೆ ಮಾಡಿ. ಮೊದಲು ವಾರಕ್ಕೆ ಒಂದು ಸಂಜೆ ಹತ್ತು ಜನ ಕೂಲಿಯವರು ಒಂದು ಕಡೆ ಕೂರಲು ಸಾಧ್ಯವೇ ನೋಡಿ. ಬರೆದವರ ಹೆಸರು ಹಾಕಬೇಡಿ, ‘ನಾವು’ ಅಂತ ಹಾಕಿ. ಒಬ್ಬಳ ಕೆಲಸ ಕಿತ್ತುಕೊಳ್ಳುವುದು ಸುಲಭ, ‘ನಾವು’ ಎಂಬುದರ ಕೆಲಸ ಕಿತ್ತುಕೊಳ್ಳುವುದು ಕಷ್ಟ. ಮೊದಲ ಪುಟದಲ್ಲಿ ಎರಡೇ ಸಾಲು ಇರಲಿ. ಎಡಗಡೆ ಇಂದಿನ ಗೂಡಿನ ರೇಟು. ಬಲಗಡೆ ಇಂದಿನ ಕೂಲಿ, ಹೆಣ್ಣಿಗೆಷ್ಟು, ಗಂಡಿಗೆಷ್ಟು, ಎಷ್ಟು ತಾಸಿಗೆ. ಇವೆರಡನ್ನು ಒಂದೇ ಪುಟದಲ್ಲಿ ಪ್ರತಿದಿನ ನೋಡಿದ ಜನ ಮೂರನೆಯ ಸಾಲನ್ನು ತಾವೇ ಬರೆದುಕೊಳ್ಳುತ್ತಾರೆ.