ನಿಕ್ಷೇಪಧರ್ಮವೂ ವಿಮಾನವಿಮೆಯೂ

ಪರರ ಸ್ಥಳದಲ್ಲಿ ಇರಿಸಿದ ಒಡವೆಯು ನಷ್ಟವಾದರೆ ಆ ನಷ್ಟವನ್ನು ಹೊರತಕ್ಕವರು ಯಾರು ಎಂಬ ಪ್ರಶ್ನೆಯು ವ್ಯವಹಾರಶಾಸ್ತ್ರದಷ್ಟೇ ಪುರಾತನವಾದುದು. ಸ್ವಂತಕ್ಕೆಂದು ವಿಮಾನವನ್ನು ಕೊಂಡವನು ಅದನ್ನು ನಿಲ್ದಾಣದಲ್ಲಿ ಇರಿಸಬೇಕಾದರೆ ಯಾವ ಯಾವ ವಿಮೆಗಳನ್ನು ಪಡೆದಿರಬೇಕು ಎಂಬ ಇಂದಿನ ಪ್ರಶ್ನೆಯು ನೋಡಲು ಹೊಸದಾದರೂ ಅದರ ಬೀಜವು ಹಳೆಯ ಧರ್ಮಶಾಸ್ತ್ರದಲ್ಲಿಯೇ ಇರುವುದು. ಆ ಶಾಸ್ತ್ರದ ಸುಪ್ರಸಿದ್ಧ ವ್ಯಾಖ್ಯಾನವಾದ ಮಿತಾಕ್ಷರೆಯು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ, ಕನ್ನಡನಾಡಿನಲ್ಲಿಯೇ, ವಿಜ್ಞಾನೇಶ್ವರನಿಂದ ರಚಿತವಾಯಿತು. ಆದಕಾರಣ ಈ ವಿಚಾರವನ್ನು ಕನ್ನಡನಾಡಿನ ಒಂದು ಸೀಮೆಯನ್ನು ದೃಷ್ಟಿಯಲ್ಲಿಟ್ಟು ಪರಿಶೀಲಿಸುವುದು ಅನುಚಿತವಾಗಲಾರದು.

ಆ ಸೀಮೆಯು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪ್ರದೇಶ. ಮಮದಾಪುರವೇ ಮೊದಲಾದ ಇಲ್ಲಿಯ ಗ್ರಾಮಗಳಿಗೆ ಹತ್ತಿರವಾದ ವಿಮಾನನಿಲ್ದಾಣವೆಂದರೆ ಬೆಳಗಾವಿಯ ಪೂರ್ವಕ್ಕೆ ಬಾಗಲಕೋಟೆಯ ಮಾರ್ಗದಲ್ಲಿರುವ ಸಾಂಬ್ರಾ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಸೇನೆಯು ಅದನ್ನು ತರಬೇತಿಗಾಗಿ ನಿರ್ಮಿಸಿತು. 2017ನೆಯ ಸೆಪ್ಟೆಂಬರ್ 14ರಂದು ಅಲ್ಲಿಯ ಹೊಸ ಪ್ರಯಾಣಿಕಮಂದಿರವು ಉದ್ಘಾಟಿತವಾಯಿತು. ಗಾಡಿಯನ್ನು ಸ್ವಂತ ಅಂಗಳದಲ್ಲಿ ಬಿಡಬಹುದು, ಎತ್ತನ್ನು ಸ್ವಂತ ಕೊಟ್ಟಿಗೆಯಲ್ಲಿ ಕಟ್ಟಬಹುದು. ವಿಮಾನವನ್ನಾದರೋ ಅದು ಏರಿ ಇಳಿಯುವ ನೆಲದಲ್ಲಿಯೇ ಇರಿಸಬೇಕಾಗುತ್ತದೆ, ಆ ನೆಲವು ಸಾಮಾನ್ಯವಾಗಿ ಪರರದು. ಹೀಗೆ ಸ್ವಭಾವತಃ ವಿಮಾನವು ಪರಸ್ಥಳದಲ್ಲಿ ವಾಸಿಸುವ ಒಡವೆಯಾಗಿದೆ.

ಪರರ ವಶಕ್ಕೆ ಕೊಟ್ಟ ಒಡವೆಯನ್ನು ಧರ್ಮಶಾಸ್ತ್ರವು ನಿಕ್ಷೇಪ, ಉಪನಿಧಿ ಎಂದು ಕರೆಯುತ್ತದೆ. ಉಪನಿಧಿಯನ್ನು ರಾಜನಾಗಲಿ ದೈವವಾಗಲಿ ಕಳ್ಳರಾಗಲಿ ಅಪಹರಿಸಿದರೆ, ಇರಿಸಿಕೊಂಡವನಿಂದ ಅದರ ಬೆಲೆಯನ್ನು ಕೊಡಿಸಕೂಡದೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಒಡೆಯನು ಕೇಳಿದ ಮೇಲೂ ಹಿಂದಕ್ಕೆ ಕೊಡದೆ ಇದ್ದು, ಅನಂತರ ಅದು ನಷ್ಟವಾದರೆ ಬೆಲೆಯನ್ನೂ ದಂಡವನ್ನೂ ತೆರಬೇಕು. ಇರಿಸಿಕೊಂಡವನ ಸ್ವಂತ ಸ್ವತ್ತಿನೊಡನೆಯೇ ನಿಕ್ಷೇಪವೂ ನಷ್ಟವಾದರೆ ಆ ನಷ್ಟವು ಇರಿಸಿದವನದೇ ಎಂಬುದು ನಾರದನ ಮತ. ತನ್ನ ಸ್ವತ್ತಿನಷ್ಟೇ ಎಚ್ಚರಿಕೆಯಿಂದ ಪರರ ಸ್ವತ್ತನ್ನೂ ಕಾಯ್ದವನು ನಿರ್ದೋಷಿ ಎಂಬುದು ಇದರ ತಾತ್ಪರ್ಯ. 1872ರ ಭಾರತೀಯ ಕರಾರು ಕಾಯಿದೆಯ 151 ಮತ್ತು 152ನೆಯ ಕಲಮುಗಳು ಬಹುಮಟ್ಟಿಗೆ ಇದೇ ತತ್ತ್ವವನ್ನು ಹೇಳುತ್ತವೆ: ಸಾಮಾನ್ಯ ವಿವೇಕಿಯಾದವನು ತನ್ನ ವಸ್ತುವಿನ ವಿಷಯದಲ್ಲಿ ವಹಿಸುವಷ್ಟು ಎಚ್ಚರಿಕೆಯನ್ನು ವಹಿಸಿದ್ದರೆ, ವಿಶೇಷ ಕರಾರಿಲ್ಲದ ಪಕ್ಷದಲ್ಲಿ, ವಸ್ತುವು ನಷ್ಟವಾದುದಕ್ಕೆ ಆತನು ಹೊಣೆಯಲ್ಲ.

ಆದರೆ ಕೂಲಿಗೆ ಸರಕು ಹೊರುವ ವಾಹಕನ ವಿಷಯದಲ್ಲಿ ಯಾಜ್ಞವಲ್ಕ್ಯನ ಮಾತು ಬೇರೆ. ರಾಜ ಮತ್ತು ದೈವಗಳಿಂದಲ್ಲದೆ ಸರಕು ನಷ್ಟವಾದರೆ ವಾಹಕನು ಅದನ್ನು ತುಂಬಿಕೊಡಬೇಕೆನ್ನುತ್ತಾನೆ. ಕಳ್ಳರ ಹೆಸರು ಇಲ್ಲಿ ಬಂದಿಲ್ಲವೆಂಬುದು ಗಮನಾರ್ಹವಾದುದು. ವಿಶ್ವಾಸದಿಂದ ಇರಿಸಿಕೊಂಡವನಿಗೆ ದೊರೆತ ಒಂದು ರಿಯಾಯಿತಿಯು ಕೂಲಿಯನ್ನು ಪಡೆದವನಿಗೆ ದೊರೆಯಲಿಲ್ಲ. ಪ್ರತಿಫಲವನ್ನು ತೆಗೆದುಕೊಂಡವನ ಹೊಣೆಯು ಹೆಚ್ಚಿನದೆಂಬ ಈ ಭೇದವು, ಬಾಡಿಗೆಯನ್ನು ತೆಗೆದುಕೊಂಡು ವಿಮಾನಕ್ಕೆ ಸ್ಥಳವನ್ನು ಕೊಡುವ ನಿಲ್ದಾಣದವರ ವಿಚಾರದಲ್ಲಿಯೂ ಮನಸ್ಸಿಗೆ ಬಾರದಿರದು.

ಅಪಾಯಕ್ಕೆ ಬೆಲೆ ಕಟ್ಟುವ ಪದ್ಧತಿಯೂ ಅಷ್ಟೇ ಹಳೆಯದು. ಒತ್ತೆಯುಳ್ಳ ಸಾಲಕ್ಕೆ ತಿಂಗಳಿಗೆ ಅಸಲಿನ 80ರಲ್ಲಿ ಒಂದು ಪಾಲು ಬಡ್ಡಿಯನ್ನು ವಿಧಿಸುವ ಯಾಜ್ಞವಲ್ಕ್ಯನು, ಕಾಡುದಾರಿಯಲ್ಲಿ ಹೋಗುವ ವ್ಯಾಪಾರಿಗಳಿಗೆ ನೂರಕ್ಕೆ 10ನ್ನೂ ಸಮುದ್ರಯಾನ ಮಾಡುವವರಿಗೆ ನೂರಕ್ಕೆ 20ನ್ನೂ ಹೇಳಿದ್ದಾನೆ. ಪ್ರಾಣಕ್ಕೂ ಧನಕ್ಕೂ ಹಾನಿಯುಂಟಾಗಬಹುದೆಂಬ ಶಂಕೆಯೇ ಇದಕ್ಕೆ ಕಾರಣವೆಂದು ವಿಜ್ಞಾನೇಶ್ವರನು ವಿವರಿಸುತ್ತಾನೆ. ರಟ್ಟರ ಕೂಂಡಿ ಮೂರುಸಾಸಿರಕ್ಕೆ ಸೇರಿದ್ದ ಗೋಕಾಕ ಸೀಮೆಗೆ ಇದು ಕೇವಲ ಪುಸ್ತಕದ ಮಾತಾಗಿರಲಿಲ್ಲ. ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ, ಬೆಳಗಾವಿಯ ಶಾಸನದಲ್ಲಿ ಲಾಳ ಮಲೆಯಾಳ ದೇಶಗಳ ವರ್ತಕರೂ ಕಾಣಿಸಿಕೊಳ್ಳುತ್ತಾರೆ. ಸಹ್ಯಾದ್ರಿಯ ಕಾಡುಗಳನ್ನು ಹಾದು ಬರುತ್ತಿದ್ದ ಸರಕಿಗೆ ಅಪಾಯದ ಲೆಕ್ಕವು ತಪ್ಪಿದ್ದಲ್ಲ. ಮುಂದೆ ಪಶ್ಚಿಮ ಭಾರತದ ಪೇಟೆಗಳಲ್ಲಿ ಜೋಖಮಿ ಹುಂಡಿಯೆಂಬುದು ಬಳಕೆಗೆ ಬಂದಿತು. ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಹುಂಡಿಯ ಹಣವು ಸಲ್ಲತಕ್ಕದ್ದು, ತಲುಪದಿದ್ದರೆ ಹುಂಡಿಯನ್ನು ಕೊಂಡವನಿಗೇ ನಷ್ಟ. ಹಣ ಕಳುಹಿಸುವ ಪತ್ರವೇ ವಿಮಾಪತ್ರವೂ ಆಗಿದ್ದುದು ಇದರ ವಿಶೇಷ. ವಿಮೆಯೆಂಬ ಶಬ್ದವೂ ಮರಾಠಿಯ ದಾರಿಯಿಂದ ಬಂದ ಪಾರಸಿ ಶಬ್ದ. ಅದರ ಮೂಲವಾದ ‘ಬೀಮ್’ ಎಂಬುದಕ್ಕೆ ಭಯವೆಂದರ್ಥ. ಸಂಸ್ಕೃತದ ವಿಮಾನ ಶಬ್ದಕ್ಕೂ ಇದಕ್ಕೂ ಇರುವುದು ಧ್ವನಿಸಾದೃಶ್ಯ ಮಾತ್ರ.

ಆಕಾಶಯಾನದ ವಿಮೆಯು ಲಂಡನಿನ ಲಾಯ್ಡ್ಸ್ ಸಂಸ್ಥೆಯಲ್ಲಿ 1911ರಲ್ಲಿ ಮೊದಲಾಯಿತು. ಭಾರತದಲ್ಲಿ 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲನ್ನು ತಂದಾಗ, ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ಅದನ್ನು ಮದರಾಸಿಗೆ ಒಯ್ದ ಮಾರ್ಗವು ಬಳ್ಳಾರಿಯ ಮೇಲೆ ಹಾದಿತ್ತು. ರಾತ್ರಿಯ ತಂಗುವಿಕೆಯೂ ಬಳ್ಳಾರಿಯಲ್ಲಿಯೇ ಆಯಿತು. ಎರಡು ವರ್ಷಗಳ ತರುವಾಯ, 1934ರಲ್ಲಿ, ಭಾರತೀಯ ವಿಮಾನ ಕಾಯಿದೆಯೂ ವಾಯುಸಾಗಣೆಯ ಕಾಯಿದೆಯೂ ಜಾರಿಗೆ ಬಂದವು. ಇವುಗಳಲ್ಲಿ ಎರಡನೆಯದು 1929ರ ವಾರ್ಸಾ ಒಪ್ಪಂದವನ್ನನುಸರಿಸಿ ಪ್ರಯಾಣಿಕರಿಗೂ ಸರಕಿನ ಒಡೆಯರಿಗೂ ಸಲ್ಲಬೇಕಾದ ಪರಿಹಾರವನ್ನು ಗೊತ್ತುಪಡಿಸಿತು. ವಿಮಾನವನ್ನು ಹತ್ತದೆ ನೆಲದ ಮೇಲೆಯೇ ಇರುವವನ ಗತಿಯೇನೆಂಬ ಪ್ರಶ್ನೆಯು ಅದರ ವ್ಯಾಪ್ತಿಗೆ ಹೊರಗಾಗಿತ್ತು.

ಮೊದಲನೆಯ ಕಾಯಿದೆಯ 17ನೆಯ ಕಲಮು ಆ ನೆಲದವನನ್ನು ಕುರಿತದ್ದೇ. ಗಾಳಿ, ಹವೆ ಮೊದಲಾದ ಸಂದರ್ಭಗಳಿಗೆ ತಕ್ಕ ಎತ್ತರದಲ್ಲಿ ವಿಮಾನವು ಒಬ್ಬನ ಸ್ವತ್ತಿನ ಮೇಲೆ ಹಾರಿತೆಂಬ ಒಂದೇ ಕಾರಣದಿಂದ ಅತಿಕ್ರಮಣದ ದಾವೆಯನ್ನಾಗಲಿ ಉಪದ್ರವದ ದಾವೆಯನ್ನಾಗಲಿ ಹೂಡಕೂಡದೆಂದು ಅದು ವಿಧಿಸಿತು. ಇದರ ಮಾತೃಕೆಯಾದ 1920ರ ಇಂಗ್ಲೆಂಡಿನ ಕಾಯಿದೆಯಲ್ಲಿ ಇದೇ ನಿಷೇಧಕ್ಕೆ ಒಂದು ಉತ್ತರಾರ್ಧವಿತ್ತು: ವಿಮಾನದಿಂದಾಗಲಿ ಅದರಿಂದ ಬಿದ್ದ ವಸ್ತುವಿನಿಂದಾಗಲಿ ನೆಲದ ಮೇಲೆ ಹಾನಿಯುಂಟಾದರೆ, ಅಜಾಗ್ರತೆಯನ್ನು ರುಜುಪಡಿಸದೆಯೇ ಪರಿಹಾರವನ್ನು ಪಡೆಯಬಹುದು. ಭಾರತದ ಕಲಮಿನಲ್ಲಿ ಪೂರ್ವಾರ್ಧವು ಬಂದಿತು, ಉತ್ತರಾರ್ಧವು ಬರಲಿಲ್ಲ. ನೆಲದ ಒಡೆಯನು ತನ್ನ ಹಕ್ಕಿನ ಒಂದಂಶವನ್ನು ಬಿಟ್ಟುಕೊಟ್ಟನು. ಅದಕ್ಕೆ ಪ್ರತಿಯಾಗಿ ಅಲ್ಲಿ ದೊರೆತ ಅಭಯವು ಇಲ್ಲಿ ದೊರೆಯಲಿಲ್ಲ.

ಕಾಯಿದೆಯು ಬಿಟ್ಟ ಸ್ಥಳವನ್ನು ಕರಾರು ತುಂಬುವುದು ಲೋಕರೂಢಿ. ಖಾಸಗಿ ವಿಮಾನಕ್ಕೆ ಸ್ಥಳವನ್ನು ಕೊಡುವಾಗ ನಿಲ್ದಾಣದವರು ಸಾಮಾನ್ಯವಾಗಿ ಕೇಳುವುದು ಮೂರನೆಯವರ ಹಾನಿಗೆ ಸಂಬಂಧಿಸಿದ ವಿಮಾಪತ್ರವನ್ನು. ಅದರ ಮೊತ್ತವು ಇಂತಿಷ್ಟಕ್ಕೆ ಕಡಿಮೆಯಿರಕೂಡದು. ನಿಲ್ದಾಣದವರ ಹೆಸರೂ ಅದರಲ್ಲಿ ರಕ್ಷಿತರೆಂದು ಸೇರಿರಬೇಕು. ವಿಮೆಯು ರದ್ದಾಗುವುದಾದರೆ ಮುಂಚಿತವಾಗಿ ಅವರಿಗೆ ತಿಳಿಸಬೇಕು. ಪರಿಹಾರವನ್ನು ತೆತ್ತ ವಿಮಾ ಕಂಪನಿಯು ಆ ಹಣಕ್ಕಾಗಿ ನಿಲ್ದಾಣದವರ ಮೇಲೆ ತಿರುಗಿ ಬೀಳಕೂಡದು. ವಿಮಾನದ ಒಡಲಿಗೆ ಮಾಡಿಸುವ ವಿಮೆಯು ಇದಕ್ಕಿಂತ ಬೇರೆಯಾದುದು. ವಿಮಾನವು ನಿಂತಿರುವಾಗ, ನೆಲದ ಮೇಲೆ ಚಲಿಸುವಾಗ, ಹಾರುವಾಗ ಎಂದು ಅದರಲ್ಲಿ ಅವಸ್ಥೆಗಳನ್ನು ವಿಂಗಡಿಸಿರುತ್ತಾರೆ. ನಿಂತಿರುವ ಅವಸ್ಥೆಯೊಂದಕ್ಕೇ ವಿಮೆ ಮಾಡಿಸಿದರೆ ಕಂತು ಕಡಿಮೆ. ಪರರ ವಿಮಾನಗಳನ್ನು ತನ್ನ ಹ್ಯಾಂಗರಿನಲ್ಲಿ ಇರಿಸಿಕೊಂಡವನು ತನ್ನ ಹೊಣೆಗಾಗಿ ಮಾಡಿಸುವ ವಿಮೆಯು ಮೂರನೆಯದು. ವಿಮಾನವನ್ನು ನಿಜವಾಗಿ ಆತನ ವಶಕ್ಕೆ ಒಪ್ಪಿಸಿದ್ದರೆ ಅದು ನಿಕ್ಷೇಪ. ನಿಲ್ಲಿಸಲು ಸ್ಥಳವನ್ನು ಮಾತ್ರ ಪಡೆದು ಬೀಗದ ಕೈಯನ್ನು ಒಡೆಯನೇ ಇಟ್ಟುಕೊಂಡಿದ್ದರೆ ಅದು ಕೇವಲ ಅನುಮತಿ. ಬಿರುಗಾಳಿಗೆ ಕಟ್ಟುಹಗ್ಗವು ಹರಿದು ಒಂದು ವಿಮಾನವು ಮತ್ತೊಂದಕ್ಕೆ ಬಡಿದಾಗ ಈ ಭೇದದ ಬೆಲೆಯು ತಿಳಿದುಬರುತ್ತದೆ.

ಈ ಪತ್ರಗಳನ್ನು ಮಿತಾಕ್ಷರೆಯ ಪಕ್ಕದಲ್ಲಿಟ್ಟು ನೋಡಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ರಾಜದೈವಗಳ ವಿಷಯ. ಶಾಸ್ತ್ರವು ಒಟ್ಟಿಗೆ ಹೇಳಿದ ಈ ಎರಡನ್ನು ವಿಮೆಯು ಬಿಡಿಸಿಟ್ಟಿದೆ. ಬಿರುಗಾಳಿ, ಸಿಡಿಲು, ಬೆಂಕಿಗಳೆಂಬ ದೈವವನ್ನು ಕಂತಿಗೆ ಪ್ರತಿಯಾಗಿ ಅದು ತಾನೇ ಹೊರುತ್ತದೆ. ಯುದ್ಧ, ಮುಟ್ಟುಗೋಲು, ಅಪಹರಣಗಳೆಂಬ ರಾಜಕೃತ್ಯಗಳನ್ನಾದರೋ ಸಾಮಾನ್ಯ ಪತ್ರದಿಂದ ಹೊರಗಿಟ್ಟು ಅವುಗಳಿಗೆ ಪ್ರತ್ಯೇಕವಾದ ಕಂತನ್ನು ಕೇಳುತ್ತದೆ. 2001ನೆಯ ಸೆಪ್ಟೆಂಬರ್ 11ರ ದುರಂತದ ಬಳಿಕ ವಿಮಾ ಕಂಪನಿಗಳು ಏಳು ದಿನಗಳ ಸೂಚನೆಯನ್ನು ಕೊಟ್ಟು, ಯುದ್ಧಾಪಾಯದಿಂದ ಮೂರನೆಯವರಿಗಾಗುವ ಹಾನಿಯ ರಕ್ಷಣೆಯನ್ನು ಹಿಂತೆಗೆದುಕೊಂಡಾಗ ಅನೇಕ ದೇಶಗಳಲ್ಲಿ ಸರಕಾರಗಳೇ ಆ ಭಾರವನ್ನು ಹೊರಬೇಕಾಯಿತು. ದೈವಕ್ಕೆ ಲೆಕ್ಕವುಂಟು, ರಾಜನಿಗೆ ಲೆಕ್ಕವಿಲ್ಲವೆಂಬುದನ್ನು ಆಗ ಲೋಕವೇ ಕಂಡಿತು.

ಎರಡನೆಯದು, ಸಾರಥಿಯ ವಿಷಯ. ರಥವು ದಾರಿತಪ್ಪಿ ಹಾನಿಯುಂಟಾದರೆ, ಸಾರಥಿಯು ಕುಶಲನಾಗಿದ್ದಲ್ಲಿ ಅವನೇ ದಂಡಾರ್ಹನು. ಅಕುಶಲನಾಗಿದ್ದಲ್ಲಿ ಅಂತಹವನನ್ನು ನೇಮಿಸಿದ ಒಡೆಯನಿಗೆ 200 ಪಣಗಳ ದಂಡವೆಂದು ಮನುವು ವಿಧಿಸಿದ್ದಾನೆ. ನೊಗ ಮುರಿದಾಗ, ಮೂಗುದಾರ ಹರಿದಾಗ, ಸಾರಥಿಯು ‘ಸರಿಯಿರಿ’ ಎಂದು ಕೂಗಿದಾಗ ದೋಷವಿಲ್ಲ. ಇಂದಿನ ವಿಮಾಪತ್ರವೂ ಚಾಲಕನ ಅನುಜ್ಞಾಪತ್ರವನ್ನೂ ಹಾರಾಟದ ಅನುಭವವನ್ನೂ ನಿಬಂಧನೆಯಾಗಿ ಬರೆಯುತ್ತದೆ. ಅದನ್ನು ಮೀರಿ ಅನರ್ಹನಿಗೆ ವಿಮಾನವನ್ನು ಒಪ್ಪಿಸಿದ ಒಡೆಯನು ವಿಮೆಯ ರಕ್ಷಣೆಯನ್ನು ಕಳೆದುಕೊಂಡು ನಷ್ಟವನ್ನು ತಾನೇ ಹೊರಬೇಕಾಗುತ್ತದೆ. ದಂಡವು ರಾಜನ ಬೊಕ್ಕಸಕ್ಕೆ ಸಲ್ಲುವುದು, ಪರಿಹಾರವು ಪೀಡಿತನಿಗೆ ಸಲ್ಲುವುದು ಎಂಬ ಅಂತರವಿದ್ದರೂ, ಅಕುಶಲನನ್ನು ಆರಿಸಿದ ದೋಷವು ಒಡೆಯನದೆಂಬ ನ್ಯಾಯವು ಒಂದೇ.

ಇದರಲ್ಲಿ ನಿಜವಾಗಿ ಯಾರ ಹಿತವು ಅಡಗಿದೆಯೆಂಬುದಕ್ಕೆ ಸಾಂಬ್ರಾದ ನೆರೆಯಲ್ಲಿಯೇ ನಿದರ್ಶನವುಂಟು. 2023ನೆಯ ಮೇ 30ರಂದು ಅಲ್ಲಿಂದ ಏರಿದ ಎರಡು ಆಸನಗಳ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಸಣ್ಣ ಗಾಯಗಳೊಡನೆ ಉಳಿದರು. ವಿಮಾನದ ಒಡೆಯನಿಗೂ ನಿಲ್ದಾಣದವರಿಗೂ ನಡುವೆ ಕರಾರುಂಟು, ಒಡೆಯನಿಗೂ ವಿಮಾ ಕಂಪನಿಗೂ ನಡುವೆ ಪತ್ರವುಂಟು. ಇಂತಹ ಹೊಲದ ರೈತನಾದರೋ ಯಾವ ಕರಾರಿಗೂ ಸಹಿ ಮಾಡಿದವನಲ್ಲ. ಅವನನ್ನು ಕಾಯತಕ್ಕದ್ದು ಕಾಯಿದೆಯೇ. ರಸ್ತೆಯಲ್ಲಿ ನಡೆಯುವವನಿಗೆ ಆ ರಕ್ಷಣೆಯು ಹಿಂದೆಯೇ ದೊರೆಯಿತು: 1939ರ ಮೋಟಾರುವಾಹನ ಕಾಯಿದೆಯು ಮೂರನೆಯವರ ವಿಮೆಯನ್ನು ಕಡ್ಡಾಯಗೊಳಿಸಿತು, ಆ ಭಾಗವು 1946ರ ಜುಲೈ 1ರಿಂದ ಜಾರಿಗೆ ಬಂದಿತು. ಯುರೋಪಿನ ಒಕ್ಕೂಟವು 2004ರ ನಿಯಮದಿಂದ ವಿಮಾನದ ತೂಕಕ್ಕೆ ತಕ್ಕಂತೆ ಕನಿಷ್ಠ ಮೊತ್ತವನ್ನು ಗೊತ್ತುಮಾಡಿತು. ಭಾರತದಲ್ಲಿ 2021ರ ಡ್ರೋನ್ ನಿಯಮಗಳು, ಅತಿ ಸಣ್ಣವುಗಳನ್ನು ಬಿಟ್ಟು, ಚಾಲಕರಹಿತ ವಿಮಾನಗಳಿಗೆ ಮೋಟಾರುವಾಹನಗಳ ಮೂರನೆಯವರ ವಿಮೆಯ ವಿಧಿಗಳನ್ನೇ ಅನ್ವಯಿಸಿದವು. ಕಬ್ಬಿನ ಹೊಲದ ಮೇಲೆ ಔಷಧಿಯನ್ನು ಸಿಂಪಡಿಸುವ ಯಂತ್ರಕ್ಕೂ ಹೀಗೆ ಹೊಣೆಯು ಬಂದಿತು.

1934ರ ವಿಮಾನ ಕಾಯಿದೆಯ ಸ್ಥಾನಕ್ಕೆ 2025ನೆಯ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮವು ಬಂದಿದೆ. ಹೊಸ ಕಾಯಿದೆಯ ಅಡಿಯಲ್ಲಿ ರಚಿತವಾಗುವ ನಿಯಮಗಳನ್ನು ಅಳೆಯುವುದಕ್ಕೆ ಮೇಲಿನ ಇತಿಹಾಸವು ಒಂದು ಅಳತೆಗೋಲನ್ನು ಒದಗಿಸುತ್ತದೆ. ನಿಲ್ದಾಣದವರು ಕೇಳುವ ವಿಮಾಪತ್ರವು ಮುಖ್ಯವಾಗಿ ನಿಲ್ದಾಣವನ್ನು ಕಾಯುತ್ತದೆ. ಒಡಲಿನ ವಿಮೆಯು ಒಡೆಯನನ್ನು ಕಾಯುತ್ತದೆ. ಬಾಡಿಗೆಯನ್ನೂ ಪಡೆಯದೆ, ಹಾರಾಟದ ಸುಖವನ್ನೂ ಕಾಣದೆ, ಆಕಾಶದ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟವನಿಗೆ ಅಜಾಗ್ರತೆಯನ್ನು ರುಜುಪಡಿಸುವ ಭಾರವಿಲ್ಲದೆ ಪರಿಹಾರವು ಸಲ್ಲುವಂತಾದರೆ, 1920ರಲ್ಲಿ ಇಂಗ್ಲೆಂಡು ಬರೆದು 1934ರಲ್ಲಿ ಭಾರತವು ಬಿಟ್ಟ ಆ ಉತ್ತರಾರ್ಧವು ಪೂರ್ಣವಾದಂತಾಗುವುದು.