ಬಂದದ್ದೆಲ್ಲ ಉತ್ತರವಲ್ಲ

ನವಿ ಮುಂಬೈನಲ್ಲೂ ನೆಲೆಯಿರುವ ಸಿ-ಡ್ಯಾಕ್‌ನೊಳಗೆ 2003ರಲ್ಲಿ ವಿಲೀನವಾದ ಎನ್‌ಸಿಎಸ್‌ಟಿ, 1986ರಲ್ಲಿ ಆರಂಭವಾದ ಅರ್ನೆಟ್‌ ಜಾಲದ ಪಾಲುದಾರ ಸಂಸ್ಥೆಗಳಲ್ಲೊಂದು. ಆ ಜಾಲದಲ್ಲಿ ಮೊದಲಿಗೆ ಟಿಸಿಪಿ/ಐಪಿ ಮತ್ತು ಓಎಸ್‌ಐ ಎಂಬ ಎರಡು ಪ್ರೊಟೊಕಾಲ್‌ ಬಳಗಗಳೂ ಜೊತೆಯಾಗಿ ಓಡುತ್ತಿದ್ದವು. 1995ರಿಂದೀಚೆಗೆ ಹೆಚ್ಚುಕಡಿಮೆ ಎಲ್ಲ ಸಂಚಾರವೂ ಟಿಸಿಪಿ/ಐಪಿಯದೇ ಆಯಿತು.

ಎಲ್ಲ ಹಳೆಯ ಪ್ರೊಟೊಕಾಲ್‌ಗಳೂ ಹೀಗೆ ಪೂರ್ತಿ ಮರೆಯಾಗುವುದಿಲ್ಲ. ಕೆಲವು ಕಮಾಂಡ್‌ಲೈನ್‌ ಉಪಕರಣಗಳಲ್ಲಿ ಉಳಿದುಕೊಂಡಿವೆ, ಆದರೆ ತಮ್ಮ ಹಳೆಯ ಮಿತಿಗಳ ಸಮೇತ. 1991ರ ಎಚ್‌ಟಿಟಿಪಿ 0.9ರ ಉತ್ತರದಲ್ಲಿ ಸ್ಥಿತಿಸಂಖ್ಯೆಯಿಲ್ಲ, ಹೆಡರ್‌ ಇಲ್ಲ, ಕಡತದ ಉದ್ದದ ಲೆಕ್ಕವೂ ಇಲ್ಲ. ಸಂಪರ್ಕ ನಡುವೆ ಕಡಿದರೆ ಅರ್ಧ ಕಡತವೂ ಪೂರ್ಣವೆಂದೇ ತೋರುತ್ತದೆ. ದೋಷಸಂದೇಶವೂ ಪುಟವಾಗಿಯೇ ಬರುತ್ತದೆ. ಕರ್ಲ್‌ 2019ರಲ್ಲಿ ಈ ಬೆಂಬಲವನ್ನು ತಾನಾಗಿ ನಡೆಯದಂತೆ ಮುಚ್ಚಿತು. ಬೇಕಾದವರು ಆಯ್ಕೆ ಕೊಟ್ಟು ತೆರೆಯಬಹುದು. ಹಳೆಯ ಸರ್ವರಿನಿಂದ ದಾಖಲೆ ಇಳಿಸಿಕೊಳ್ಳುವವರು ಅದು ಪೂರ್ತಿ ಬಂದಿದೆಯೇ ಎಂದು ತಾವೇ ನೋಡಿಕೊಳ್ಳಬೇಕು.