ಸಣ್ಣ ಉರಿಯ ಲೆಕ್ಕ

ದಮ್ ಅಡುಗೆ ಹೇಗೆ ಹುಟ್ಟಿತು ಅಂತ ಯಾರನ್ನಾದರೂ ಕೇಳಿ ನೋಡಿ, ಲಖನೌ ಕಥೆ ಹೇಳುತ್ತಾರೆ. 1784ರ ಬರಗಾಲ. ನವಾಬ ಆಸಫುದ್ದೌಲಾ ಬಡಾ ಇಮಾಂಬಾಡಾ ಕಟ್ಟಿಸಿ ಜನರಿಗೆ ಕೆಲಸ ಕೊಟ್ಟ. ಅವರ ಊಟಕ್ಕೆ ದೊಡ್ಡ ದೊಡ್ಡ ಡೇಗುಗಳ ಬಾಯಿಗೆ ಹಿಟ್ಟು ಮೆತ್ತಿ ಸಣ್ಣ ಉರಿಯಲ್ಲಿಟ್ಟರು. ಆ ಘಮ ನವಾಬನ ಮೂಗಿಗೆ ಬಿತ್ತು, ಡೇಗು ಅರಮನೆ ಸೇರಿತು.

ಬರವೂ ನಿಜ, ಇಮಾಂಬಾಡಾವೂ ನಿಜ. ಆದರೆ ಅದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ದಮ್‌ಪುಖ್ತ್, ಹಲೀಮ್, ಹರೀಸಾ ಮೂರರ ಹೆಸರನ್ನೂ ಬರೆದಿದ್ದಾನೆ. ಹರೀಸಾ ಅಂತೂ 1226ರ ಬಾಗ್ದಾದಿನ ಅಡುಗೆ ಪುಸ್ತಕದಲ್ಲೇ ಇದೆ. ಹೀಗಿದ್ದೂ ಹೆಸರು ಮಾತ್ರ ನವಾಬನಿಗೇ ಹೋಯಿತು. ರಾತ್ರಿಯಿಡೀ ಒಲೆ ಕಾದವರ ಹೆಸರು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅವರು ಯಾಕೆ ಕಾದರು? ನಿಹಾರಿಯನ್ನೇ ತಗೊಳ್ಳಿ. 'ನಹಾರ್' ಅಂದರೆ ಹಗಲು. ಬೆಳಗಿನ ನಮಾಜಿನ ಹೊತ್ತಿಗೆ ಸಿದ್ಧವಾಗುವ ಊಟ. ಅದಕ್ಕೆ ಹಾಕುವುದು ಮೊಣಕಾಲಿನ ಗಟ್ಟಿ ಮಾಂಸ, ಎಲುಬು. ಹೆಚ್ಚು ನಡೆದಾಡಿದ ಪ್ರಾಣಿಯ ಕಾಲಲ್ಲಿ ನಾರು ಜಾಸ್ತಿ, ಅರ್ಧ ಗಂಟೆ ಬೇಯಿಸಿದರೆ ಚಪ್ಪಲಿ ಜಗಿದ ಹಾಗೆ. ಸಣ್ಣ ಉರಿಯಲ್ಲಿ ಆರೆಂಟು ಗಂಟೆ ಇಟ್ಟರೆ ಅದೇ ನಾರು ಕರಗಿ ಅಂಟಾಗಿ ಸಾರನ್ನು ದಪ್ಪ ಮಾಡುತ್ತೆ. ಕೈಯಲ್ಲಿ ದುಡ್ಡಿಲ್ಲದವರು ಹೊತ್ತನ್ನು ಖರ್ಚು ಮಾಡಿದರು, ಅಷ್ಟೇ.

ಈಗ ಅಂಗಡಿಯಲ್ಲಿ ಸಿಗುವ ಸ್ಲೋ ಕುಕ್ಕರಿನ ಬೇರೂ ಇಂಥದ್ದೇ ಮನೆಯಲ್ಲಿದೆ. ಲಿಥುವೇನಿಯಾದ ಯಹೂದಿಗಳು ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಬೆಂಕಿ ಹೊತ್ತಿಸುವಂತಿಲ್ಲ. ಹಾಗಾಗಿ ಕಾಳು, ಮಾಂಸ ತುಂಬಿದ ಮಡಕೆಯನ್ನು ಮುಂಚೆಯೇ ಬ್ರೆಡ್ ಭಟ್ಟಿಗೆ ಒಯ್ದು ಕೊಡುತ್ತಿದ್ದರು. ಬ್ರೆಡ್ ಸುಟ್ಟು ಮುಗಿದರೂ ಭಟ್ಟಿಯಲ್ಲಿ ಬಿಸಿ ಇರುತ್ತಿತ್ತಲ್ಲ, ಅದರಲ್ಲೇ ಮರುದಿನದ 'ಚೋಲೆಂಟ್' ಬೇಯುತ್ತಿತ್ತು. ತಾಯಿ ಹೇಳಿದ ಈ ಕಥೆ ಕೇಳಿ ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ವಿದ್ಯುತ್ ಮಡಕೆ ಮಾಡಿದ, 1940ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡ ಕಂಪನಿ 1971ರಲ್ಲಿ 'ಕ್ರಾಕ್-ಪಾಟ್' ಅಂತ ಮಾರಿತು.

ನಮ್ಮ ದೇಶದಲ್ಲೂ 1910ರಲ್ಲೇ ಕಲ್ಕತ್ತೆಯ ಇಂದುಮಾಧವ ಮಲ್ಲಿಕ್ 'ಇಕ್ಮಿಕ್ ಕುಕ್ಕರ್' ತಂದಿದ್ದರು. ಕೆಳಗೆ ಇದ್ದಿಲು, ಮೇಲೆ ಡಬ್ಬಿ ಮೇಲೆ ಡಬ್ಬಿ: ಅನ್ನ, ಬೇಳೆ, ಮಾಂಸ ಎಲ್ಲ ಒಂದೇ ಹಬೆಯಲ್ಲಿ. ಮುಂಬೈ, ದಿಲ್ಲಿಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವ ನಿಮಗೆ ಅದರ ಬೆಲೆ ಬೇರೆ ಹೇಳಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. 200 ವ್ಯಾಟಿನ ಸ್ಲೋ ಕುಕ್ಕರ್ 8 ಗಂಟೆ ಉರಿದರೆ 1.6 ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಪ್ರೆಶರ್ ಕುಕ್ಕರಿಗಿಂತ ಇಂಧನ ಉಳಿಯುತ್ತೆ ಅಂತ ನಾನು ಹೇಳಲಾರೆ. ಉಳಿಯುವುದು ಕಸಾಯಿ ಅಂಗಡಿಯಲ್ಲಿ: ಮೆತ್ತನೆ ತುಂಡಿನ ಬದಲು ಎಲುಬು, ಕಾಲು ತಂದಾಗ. ಮತ್ತೆ ಕೆಲಸದಿಂದ ಸುಸ್ತಾಗಿ ಬಂದು ಹೋಟೆಲಿಗೆ ಫೋನ್ ಮಾಡದೇ ಇದ್ದಾಗ. ಒಂದು ಎಚ್ಚರ: ರಾಜ್ಮಾ ಹಾಕುವುದಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಹತ್ತು ನಿಮಿಷ ಕುದಿಸಿಯೇ ಹಾಕಿ. ಹಸಿ ಕಾಳಿನ ವಿಷ ಸಣ್ಣ ಬಿಸಿಗೆ ಹೋಗಲ್ಲ.

ನಮ್ಮ ಊರಿನ ಮನೆಯಲ್ಲಿ ರಾತ್ರಿ ರೊಟ್ಟಿ ಬಡಿದಾದ ಮೇಲೆ ಅಮ್ಮಿ ಒಲೆಗೆ ನೀರು ಹಾಕುತ್ತಿರಲಿಲ್ಲ. ಕೆಂಡವನ್ನು ಬೂದಿಯಿಂದ ಮುಚ್ಚಿ, ಪಾಯಾದ ಪಾತ್ರೆ ಇಟ್ಟು, ಮುಚ್ಚಳದ ಮೇಲೊಂದು ಕಲ್ಲು ಹೇರುತ್ತಿದ್ದರು. ನಡುರಾತ್ರಿ ಎರಡು ಸಲ ಎದ್ದು ನೋಡುತ್ತಿದ್ದರು. ನಾವು ಮಕ್ಕಳು ಬೆಳಿಗ್ಗೆ ಎದ್ದು ನೇರ ತಟ್ಟೆಗೆ ಕೂರುತ್ತಿದ್ದೆವು.